ಎಲ್ಲರಿಗೂ ಮೂರು ಟೆಸ್ಟ್ ಕೊಡಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಟೆನ್ನಿಸ್ ಬಾಲ್ ಟೂರ್ನಮೆಂಟಲ್ಲಿ ಲೀಗ್ ಇಟ್ರೆ ಎಲ್ಲ ಟೀಮಿಗೂ ಸಮ ಮ್ಯಾಚ್. ಒಂದು ಕಡಿಮೆ ಆದ್ರೂ ಗ್ರೌಂಡಲ್ಲೇ ಗಲಾಟೆ. ಆದರೆ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ನೋಡಿ. 2023-25ರ ಲೀಗ್ ಹಂತದಲ್ಲಿ ಇಂಗ್ಲೆಂಡ್ 22 ಟೆಸ್ಟ್ ಆಡಿತು, ಭಾರತ 19, ದಕ್ಷಿಣ ಆಫ್ರಿಕಾ ಬರೀ 12. ಕೊನೆಗೆ ಲಾರ್ಡ್ಸ್‌ನಲ್ಲಿ ಕಪ್ ಗೆದ್ದದ್ದು ದಕ್ಷಿಣ ಆಫ್ರಿಕಾವೇ. ತಪ್ಪು ಅವರದ್ದಲ್ಲ, ಅವರಿಗೆ ಸಿಕ್ಕ ಆರೂ ಸರಣಿಗಳಲ್ಲಿ ಇದ್ದದ್ದೇ ಎರಡೆರಡು ಟೆಸ್ಟ್.

ಪಾಯಿಂಟನ್ನು ಪರ್ಸೆಂಟೇಜ್‌ನಲ್ಲಿ ನೋಡ್ತಾರಲ್ಲ ಅಂತೀರಾ? ಸರಿ, ಆದರೆ 12 ಸಬ್ಜೆಕ್ಟ್ ಬರೆದವನನ್ನೂ 22 ಬರೆದವನನ್ನೂ ಒಂದೇ ರ‍್ಯಾಂಕ್ ಲಿಸ್ಟಿಗೆ ಹಾಕಿದ್ರೆ ನಾವು ಒಪ್ತೀವಾ? ಮೇಲಾಗಿ ಸರಣಿ 1-1 ಆದಾಗ ತೀರ್ಮಾನಕ್ಕೆ ಮೂರನೇ ಟೆಸ್ಟೇ ಇರಲ್ಲ.

ಕಾರಣ ದುಡ್ಡು. ಭಾರತ, ಆಸ್ಟ್ರೇಲಿಯಾ, ಇಂಗ್ಲೆಂಡ್ ತಮ್ಮತಮ್ಮಲ್ಲಿ ಐದೈದು ಟೆಸ್ಟ್ ಆಡಿದರೆ ಟಿವಿಯವರು ಕೊಳ್ತಾರೆ. ಎಷ್ಟೋ ಬೋರ್ಡುಗಳಿಗೆ ಟೆಸ್ಟ್ ನಡೆಸೋದೇ ನಷ್ಟ.

ನಾನು ಹೇಳೋದಿಷ್ಟೇ: ಆರು ಸರಣಿ, ಪ್ರತಿಯೊಂದರಲ್ಲೂ ಮೂರು ಟೆಸ್ಟ್, ಎಲ್ಲರಿಗೂ 18. ಆ್ಯಶಸ್ ಐದೇ ಇರಲಿ, ಪಾಯಿಂಟ್ ಮೊದಲ ಮೂರಕ್ಕೆ ಮಾತ್ರ. ಖರ್ಚನ್ನು ಐಸಿಸಿ ಆದಾಯದಿಂದಲೇ ಕೊಡಲಿ. ಅದರಲ್ಲಿ ಅತಿ ದೊಡ್ಡ ಪಾಲು ಪಡೆಯೋ ಬಿಸಿಸಿಐ ಮೊದಲು ಕೈ ಬಿಚ್ಚಲಿ. ಎದುರು ಟೀಮೇ ಉಳಿಯದಿದ್ರೆ ನಾವು ಯಾರ ಜೊತೆ ಆಡೋದು?