ಕೊನೆಯವರಿಗೆ ಮೊದಲ ಸರದಿ

2025ರ ಮೇ ತಿಂಗಳ ಕೊನೆಯ ದಿನಗಳು. ಬಿಸಿಲು ಇಳಿದ ಮೇಲೆ ವನದುರ್ಗದ ಒಂದು ಚಹದಂಗಡಿಯ ಮುಂದೆ ನಾವು ಕುಳಿತಿದ್ದೆವು. ಹತ್ತಿ ಗಿರಣಿಗಳ ಹಂಗಾಮು ಮುಗಿದಿತ್ತು. ಬಿತ್ತನೆ ಇನ್ನೂ ಮೊದಲಾಗಿರಲಿಲ್ಲ. ಹುಡುಗರ ಕೈಗೆ ಕೆಲಸವಿರಲಿಲ್ಲ, ಬಾಯಿಗೆ ಮಾತ್ರ ಬಿಡುವಿರಲಿಲ್ಲ.

ಮಾತು ಕಬಡ್ಡಿಯದು. ಇನ್ನು ಕೆಲವೇ ದಿನಕ್ಕೆ ಮುಂಬಯಿಯಲ್ಲಿ ಪ್ರೊ ಕಬಡ್ಡಿ ಲೀಗಿನ ಹನ್ನೆರಡನೆಯ ಋತುವಿಗೆ ಆಟಗಾರರ ಹರಾಜು, ನಮ್ಮ ಕಡೆಯ ಮಾತಿನಲ್ಲಿ ಲಿಲಾವು, ನಡೆಯುವುದಿತ್ತು. ಹನ್ನೆರಡು ತಂಡಗಳು, ಒಂದೊಂದರ ಚೀಲದಲ್ಲಿ ಐದು ಕೋಟಿ ರೂಪಾಯಿ. ಮೊದಲ ದರ್ಜೆಯ ಆಟಗಾರನ ಸವಾಲು 30 ಲಕ್ಷದಿಂದ ಶುರು, ಕೊನೆಯ ದರ್ಜೆಯವನದು 9 ಲಕ್ಷದಿಂದ. ಒಬ್ಬ ಹುಡುಗ ಬೀಡಿ ಕಟ್ಟಿನ ಕಾಗದದ ಹಿಂಬದಿಯಲ್ಲಿ ಬೆಂಗಳೂರು ಬುಲ್ಸ್ ತಂಡದ ಐದು ಕೋಟಿಯನ್ನು ಹಂಚುತ್ತಿದ್ದ. ರೈಡು ಹೋಗುವವನಿಗೆ ಇಷ್ಟು, ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನಿಗೆ ಇಷ್ಟು, ಉಳಿದದ್ದರಲ್ಲಿ ಹೆಸರಿಲ್ಲದ ಹೊಸ ಹುಡುಗರು ಇಷ್ಟು ಮಂದಿ. ಇನ್ನೊಬ್ಬ ಅದನ್ನು ಒಪ್ಪಲಿಲ್ಲ. ಮೂರನೆಯವನಂತೂ ಹರಿಯಾಣದ ಹಳ್ಳಿಗಳ ಹುಡುಗರ ತೂಕ, ಎತ್ತರ, ಕಳೆದ ವರ್ಷದ ಅಂಕಗಳನ್ನು ಬಾಯಿಪಾಠ ಹೇಳಿದ. ಅಡತಿ ಅಂಗಡಿಯ ಗುಮಾಸ್ತನಿಗೂ ಅಷ್ಟು ಲೆಕ್ಕ ನೆನಪಿರಲಾರದು.

ಹುಡುಗರ ಸಂಕಟಕ್ಕೆ ಕಾರಣವಿತ್ತು. 2019ರ ಜನವರಿಯಲ್ಲಿ ಗುಜರಾತ ತಂಡವನ್ನು 38-33ರಿಂದ ಸೋಲಿಸಿ ಕಪ್ಪು ಗೆದ್ದಿದ್ದ ಬುಲ್ಸ್, ಹನ್ನೊಂದನೆಯ ಋತುವಿನಲ್ಲಿ 22 ಪಂದ್ಯಗಳ ಪೈಕಿ ಎರಡೇ ಗೆದ್ದು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿತ್ತು. ಆಗ ಕಾಗದ ಹಿಡಿದಿದ್ದ ಹುಡುಗ ತಲೆಯೆತ್ತಿ ಅಂದ: “ಕಡೀಕ ನಿಂತವ್ರಿಗೇ ಮೊದಲ ಆರಿಸ್ಲಿಕ್ಕಿ ಬಿಡಬೇಕ್ರೀ. ಇಲ್ಲಂದ್ರ ಅವ್ರು ಮ್ಯಾಲ ಏಳೋದು ಹ್ಯಾಂಗ?”

ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹಮಾಲರೊಬ್ಬರು ಬಸಿಯಲ್ಲಿದ್ದ ಚಹ ಹೀರಿ ಕೇಳಿದರು: “ಈ ಮಾತು ಕಬಡ್ಡಿಗಷ್ಟೇ ಹೇಳ್ತಿಯೇನೋ ತಮ್ಮಾ?”

ಹುಡುಗರು ನಕ್ಕರು. ನಾವು ನಗಲಿಲ್ಲ. ಆ ಪ್ರಶ್ನೆಯನ್ನೇ ಇಂದು ಓದುಗರ ಮುಂದಿಡುತ್ತಿದ್ದೇವೆ.

ಆ ಹುಡುಗ ಕೇಳಿದ ನಿಯಮ ಹೊಸದಲ್ಲ. ಹಣವೇ ದೇವರೆಂದು ಹೆಸರಾದ ಅಮೆರಿಕೆಯಲ್ಲಿಯೇ ಅದು ಹುಟ್ಟಿತು. ಫಿಲಡೆಲ್ಫಿಯಾದ ಫುಟ್‌ಬಾಲ್ ತಂಡವೊಂದರ ಒಡೆಯ ಬರ್ಟ್ ಬೆಲ್ ಎಂಬವನು, ತನ್ನ ತಂಡ ಸೋತು ಸುಣ್ಣವಾಗಿದ್ದಾಗ, 1935ರಲ್ಲಿ ಉಳಿದ ಒಡೆಯರ ಮುಂದೆ ಒಂದು ಸೂಚನೆ ಇಟ್ಟ: ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ಪಾಳಿಯ ಪ್ರಕಾರ ಆರಿಸೋಣ, ಕೊನೆಗೆ ನಿಂತ ತಂಡಕ್ಕೆ ಮೊದಲ ಪಾಳಿ, ಗೆದ್ದ ತಂಡಕ್ಕೆ ಕೊನೆಯ ಪಾಳಿ. 1936ರಲ್ಲಿ ಅದು ಜಾರಿಗೆ ಬಂದಿತು. ದಾಂಡಿನಿಂದ ಚೆಂಡು ಬಾರಿಸಿ ನಾಲ್ಕು ನೆಲೆ ಸುತ್ತುವ ಬೇಸ್‌ಬಾಲ್ ಆಟದವರು 1965ರಲ್ಲಿ ಇದೇ ಪದ್ಧತಿ ಹಿಡಿದರು. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಅಲ್ಲಿಯೂ ಆಯ್ಕೆಯ ದಿನ ಹತ್ತಿರವಾದಂತೆ ಅಭಿಮಾನಿಗಳು ನಮ್ಮ ಹುಡುಗರಂತೆಯೇ ಕಾಗದ ಪೆನ್ಸಿಲು ಹಿಡಿದು ಕೂಡುತ್ತಾರೆ. ನಮ್ಮ ತಂಡ ಯಾರನ್ನು ಆರಿಸೀತು, ಯಾರನ್ನು ಬಿಟ್ಟೀತು ಎಂದು ತಿಂಗಳುಗಟ್ಟಲೆ ವಾದ.

ಯಾಕೆ ಒಪ್ಪಿದರು ಆ ಶ್ರೀಮಂತರು? ದಯೆಯಿಂದಲ್ಲ. ಒಂದೇ ತಂಡ ಸದಾ ಗೆಲ್ಲುತ್ತ ಹೋದರೆ ಉಳಿದ ಊರುಗಳ ಜನ ಟಿಕೆಟು ಕೊಳ್ಳುವುದನ್ನು ಬಿಡುತ್ತಾರೆ, ಆಟವೇ ಸಾಯುತ್ತದೆ. ದುರ್ಬಲನನ್ನು ಎತ್ತಿ ನಿಲ್ಲಿಸದಿದ್ದರೆ ಬಲಿಷ್ಠನ ಅಂಗಡಿಯೂ ಮುಚ್ಚುತ್ತದೆಂದು ಅವರ ಲೆಕ್ಕದ ಪುಸ್ತಕವೇ ಅವರಿಗೆ ಹೇಳಿತು.

ಆದರೆ ನಿಯಮದ ಇನ್ನೊಂದು ಮಗ್ಗುಲನ್ನು ಮುಚ್ಚಿಟ್ಟರೆ ನಾವು ಓದುಗರಿಗೆ ಮೋಸ ಮಾಡಿದಂತೆ. 1964ರಲ್ಲಿ ರಿಕ್ ರೈಕಾರ್ಟ್ ಎಂಬ ಕಾಲೇಜು ಹುಡುಗನಿಗಾಗಿ ಬೇಸ್‌ಬಾಲ್ ತಂಡಗಳು ಪೈಪೋಟಿಗೆ ಬಿದ್ದು, ಅವನಿಗೆ ಎರಡು ಲಕ್ಷ ಡಾಲರಿಗೂ ಮಿಕ್ಕಿ ಸಂದಾಯವಾಯಿತು. ಮರುವರ್ಷವೇ ಡ್ರಾಫ್ಟ್ ಬಂದಿತು. ಆರಿಸಿದ ತಂಡವೊಂದರೊಡನೆ ಮಾತ್ರ ಹುಡುಗ ಮಾತಾಡಬೇಕು. ಬೇರೆಯವರ ಬಾಗಿಲು ತಟ್ಟುವಂತಿಲ್ಲ. ಒಬ್ಬನೇ ಕೊಳ್ಳುವವನಿದ್ದ ಪೇಟೆಯಲ್ಲಿ ಹತ್ತಿಯ ದರ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ತಂಡಗಳ ನಡುವೆ ಸಮಾನತೆ ತಂದ ಕೈಯೇ ಆಟಗಾರನ ಕೂಲಿಯನ್ನು ಹಿಡಿದು ನಿಲ್ಲಿಸಿತು.

ಇದನ್ನು ಎದುರಿಸಿದವರೂ ಇದ್ದರು. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರನನ್ನು ಅವನನ್ನು ಕೇಳದೆಯೇ ಸೇಂಟ್ ಲೂಯಿ ತಂಡದವರು ಫಿಲಡೆಲ್ಫಿಯಾಕ್ಕೆ ಸಾಗಹಾಕಿದಾಗ, ತಾನು ಕೊಳ್ಳುವ ಮಾರುವ ಸರಕಲ್ಲವೆಂದು ಅವನು ಕಾಗದ ಬರೆದು ಕೋರ್ಟು ಹತ್ತಿದ. 1972ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಸೋತ. ಅವನ ಆಟವೂ ಅಲ್ಲಿಗೆ ಮುಗಿಯಿತು. ಆದರೆ ಆಟಗಾರರ ಸಂಘ ಕೈಬಿಡಲಿಲ್ಲ. 1975ರ ಕೊನೆಯಲ್ಲಿ ಪಂಚಾಯಿತಿಯ ತೀರ್ಪೊಂದು ಆಟಗಾರರ ಕಡೆಗೆ ಬಂದು, ಕರಾರು ಮುಗಿದವನು ತನಗೆ ಬೇಕಾದ ತಂಡ ಸೇರುವ ದಾರಿ ತೆರೆಯಿತು. ಸೋತವನೊಬ್ಬನ ಹೋರಾಟದಿಂದ ನೂರಾರು ಜನ ಉಂಡರು. ಇದು ನಮ್ಮ ಗಿರಣಿ ಬಂಧುಗಳಿಗೆ ಅರ್ಥವಾಗದ ಕತೆಯಲ್ಲ.

ನಮ್ಮ ಕಬಡ್ಡಿಯ ಲಿಲಾವಿನಲ್ಲಿ ಪೈಪೋಟಿ ಇರುವುದರಿಂದ ಬೆಲೆ ಏರುತ್ತದೆ, ನಿಜ. 2014ರ ಮೊದಲ ಲಿಲಾವಿನಲ್ಲಿ ಎಲ್ಲರಿಗಿಂತ ಹೆಚ್ಚಿನ ಬೆಲೆ ರಾಕೇಶ್ ಕುಮಾರರದು, 12.80 ಲಕ್ಷ. 2023ರಲ್ಲಿ ಪವನ್ ಸೆಹ್ರಾವತರಿಗೆ ತೆಲುಗು ಟೈಟನ್ಸ್ ಕೊಟ್ಟದ್ದು 2 ಕೋಟಿ 60 ಲಕ್ಷದ 50 ಸಾವಿರ. ಮಣ್ಣಿನಲ್ಲಿ ಬೆಳೆದ ಆಟಕ್ಕೆ ಇಷ್ಟು ಮರ್ಯಾದೆ ಬಂದುದಕ್ಕೆ ನಮಗೆ ಸಂತೋಷವೇ. ಆದರೆ ಅದೇ ಪವನ್ 2022ರಲ್ಲಿ 2 ಕೋಟಿ 26 ಲಕ್ಷಕ್ಕೆ ತಮಿಳ್ ತಲೈವಾಸ್ ಸೇರಿ, ಮೊದಲ ಪಂದ್ಯದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಹೊರಗುಳಿದರು. ಹೆಸರಾದವರು ಎದ್ದು ಬರುತ್ತಾರೆ. 9 ಲಕ್ಷದ ಹುಡುಗನ ಮೊಣಕಾಲು ಮುರಿದರೆ ಮರುವರ್ಷ ಅವನ ಹೆಸರನ್ನು ಚಹದಂಗಡಿಯಲ್ಲಿ ಯಾರು ಎತ್ತುತ್ತಾರೆ?

ಊಹೆಯ ಮಾತಿಗೆ ಬರೋಣ. ಯಾರು ಮುಂದೆ ಬರುತ್ತಾರೆಂದು ಎಂಥ ಜಾಣರಿಗೂ ಮೊದಲೇ ಕಾಣುವುದಿಲ್ಲ. 2008ರಲ್ಲಿ ಐ.ಪಿ.ಎಲ್. ಆರಂಭವಾದಾಗ ಹತ್ತೊಂಬತ್ತು ವರ್ಷದೊಳಗಿನ ಹುಡುಗರನ್ನು ಲಿಲಾವಿಗೆ ಹಾಕದೆ ಪಾಳಿಯ ಪ್ರಕಾರವೇ ಆರಿಸಿದರು. ಮೊದಲ ಪಾಳಿ ದಿಲ್ಲಿ ತಂಡದ್ದು. ಅವರು ತಮ್ಮ ಊರಿನ ವಿರಾಟ್ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನರನ್ನು ಆರಿಸಿದರು. ಎರಡನೆಯ ಪಾಳಿಯ ಬೆಂಗಳೂರಿನವರಿಗೆ ಕೊಹ್ಲಿ 30 ಸಾವಿರ ಡಾಲರಿಗೆ ಸಿಕ್ಕರು. ಅಮೆರಿಕೆಯ ಬೇಸ್‌ಬಾಲಿನಲ್ಲಿ 1988ರಲ್ಲಿ ಮೈಕ್ ಪಿಯಾಜಾ ಎಂಬವನ ಹೆಸರು ಬಂದದ್ದು 1,390ನೆಯದಾಗಿ. ಅವನಿಗಿಂತ ಮೊದಲು ಆರಿಸಿದ 1,389 ಮಂದಿಯಲ್ಲಿ ಹೆಚ್ಚಿನವರನ್ನು ಲೋಕ ಮರೆತಿದೆ. ಪಿಯಾಜಾ 2016ರಲ್ಲಿ ಆ ಆಟದ ಮಹನೀಯರ ಸಾಲಿಗೆ ಸೇರಿದ. ದೊಡ್ಡ ಸಂಬಳದ ಪರೀಕ್ಷಕರು, ಕೂಡಿಟ್ಟ ಅಂಕೆಸಂಖ್ಯೆ, ಎಲ್ಲ ಇದ್ದೂ ಹೀಗೆ.

ಇದರ ಅರ್ಥವೇನು? ಪಟ್ಟಿಯ ಕೊನೆಯಲ್ಲಿರುವವನಲ್ಲಿ ಏನೂ ಇಲ್ಲವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಪಿಯಾಜಾನ ಹೆಸರು ಕೊನೆಗಾದರೂ ಪಟ್ಟಿಯಲ್ಲಿತ್ತು. ಪಟ್ಟಿಯ ಸಮೀಪಕ್ಕೂ ಬಾರದ ಹುಡುಗರ ಗತಿಯೇನು?

ಇಲ್ಲಿ ನಾವು ಹಮಾಲರ ಪ್ರಶ್ನೆಗೆ ಬರುತ್ತೇವೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳನ್ನು ಅಳೆದು 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ವರದಿ ಕೊಟ್ಟಿತು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ 39ರಲ್ಲಿ ಸೇರಿದವು. 2009ರ ಡಿಸೆಂಬರಿನಲ್ಲಿ ನಾವು ಬೇರೆ ಜಿಲ್ಲೆಯಾದೆವು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದಿತು. ಇಷ್ಟೆಲ್ಲ ಆದ ಮೇಲೂ 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಉಡುಪಿ ಶೇಕಡಾ 94ರೊಂದಿಗೆ ಮೊದಲನೆಯದಾಗಿ ನಿಂತರೆ, ಯಾದಗಿರಿ ಶೇಕಡಾ 50.59ರೊಂದಿಗೆ ರಾಜ್ಯಕ್ಕೇ ಕೊನೆಯದಾಗಿ ನಿಂತಿತು.

ಬುಲ್ಸ್ ಕೊನೆಗೆ ನಿಂತಾಗ ನಮ್ಮ ಹುಡುಗರಿಗೆ ಉಪಾಯ ಹೊಳೆಯಿತು. ನಮ್ಮ ಜಿಲ್ಲೆ ಕೊನೆಗೆ ನಿಂತಾಗ ಯಾರಿಗೆ ಹೊಳೆಯಿತು?

ಶಿಕ್ಷಕರ ವರ್ಗಾವಣೆಯ ಕೌನ್ಸೆಲಿಂಗ್ ಹೇಗೆ ನಡೆಯುತ್ತದೆಂದು ನೋಡಿರಿ. ಅದೂ ಒಂದು ಪಾಳಿಯ ಆಯ್ಕೆಯೇ. ಖಾಲಿ ಜಾಗಗಳ ಪಟ್ಟಿ ಎದುರಿಗಿರುತ್ತದೆ. ಒಬ್ಬೊಬ್ಬರಾಗಿ ಬಂದು ತಮಗೆ ಬೇಕಾದ ಊರು ಹಿಡಿಯುತ್ತಾರೆ. ಪೇಟೆಯ ಹತ್ತಿರದ, ರಸ್ತೆ ಬದಿಯ, ಮಕ್ಕಳಿಗೆ ಒಳ್ಳೆಯ ಶಾಲೆಯಿರುವ ಊರುಗಳು ಮೊದಲು ಹೋಗುತ್ತವೆ. ನಮ್ಮಂಥ ಹಳ್ಳಿಗಳು ಕೊನೆಗೆ ಉಳಿಯುತ್ತವೆ, ಖಾಲಿಯಾಗಿಯೇ ಉಳಿಯುತ್ತವೆ. ವೈದ್ಯರ ಮಾತೂ ಹೀಗೆಯೇ. ಇಲ್ಲಿ ಗೆದ್ದ ಊರಿಗೆ ಮೊದಲ ಪಾಳಿ, ಸೋತ ಊರಿಗೆ ಮಿಕ್ಕದ್ದು. ಅಮೆರಿಕೆಯ ಧನಿಕರು ತಮ್ಮ ಆಟಕ್ಕೆ ಒಪ್ಪದ ಅನ್ಯಾಯವನ್ನು ನಾವು ನಮ್ಮ ಮಕ್ಕಳ ಬಾಳಿಗೆ ಒಪ್ಪಿಕೊಂಡು ಕುಳಿತಿದ್ದೇವೆ.

ನಾವು ಕೇಳುವುದಿಷ್ಟೆ. ಅತ್ಯಂತ ಹಿಂದುಳಿದ ತಾಲೂಕುಗಳ ಖಾಲಿ ಜಾಗ ತುಂಬುವವರೆಗೂ ಮುಂದುವರಿದ ಪಟ್ಟಣಗಳ ಜಾಗವನ್ನು ಪಟ್ಟಿಯಲ್ಲಿ ತೆರೆಯಬೇಡಿರಿ. ಹೊಸ ನೇಮಕಾತಿಯಲ್ಲಿ ನಮ್ಮ ಪಾಳಿ ಮೊದಲು ಬರಲಿ. ಹಾಗೆಂದು ಫ್ಲಡ್‌ನ ಕಾಲಿಗೆ ಕಟ್ಟಿದ ಹಗ್ಗವನ್ನು ಶಿಕ್ಷಕಿಯ ಕಾಲಿಗೆ ಕಟ್ಟಿರೆಂದು ನಾವು ಹೇಳುವುದಿಲ್ಲ. ಇಲ್ಲಿಗೆ ಬರುವವರಿಗೆ ಹೆಚ್ಚಿನ ಭತ್ಯೆ ಕೊಡಿರಿ, ಇರಲು ಮನೆ ಕೊಡಿರಿ, ಇಷ್ಟು ವರ್ಷ ದುಡಿದ ಮೇಲೆ ಬೇಕಾದ ಊರು ಕೇಳುವ ಹಕ್ಕನ್ನು ಬರವಣಿಗೆಯಲ್ಲಿ ಕೊಡಿರಿ. ಊರನ್ನು ಎತ್ತುವ ಭಾರ ಸರಕಾರದ ಬೊಕ್ಕಸದ ಮೇಲೆ ಬೀಳಲಿ, ಸಂಬಳಕ್ಕೆ ದುಡಿಯುವವರ ಬೆನ್ನ ಮೇಲೆ ಬೇಡ.

ಒಂದು ಆಕ್ಷೇಪ ಬರುವುದು ನಮಗೆ ಗೊತ್ತು. “ಕೊನೆಯವರಿಗೆ ಮೊದಲ ಪಾಳಿ ಕೊಟ್ಟರೆ ಜನ ಬೇಕೆಂದೇ ಕೊನೆಗೆ ನಿಲ್ಲುತ್ತಾರೆ” ಎಂದು ಹೇಳುವ ಮಹಾಶಯರು ಇದ್ದಾರೆ. ಅಮೆರಿಕೆಯ ಕೆಲವು ತಂಡಗಳ ಮೇಲೆ ಈ ಅನುಮಾನ ಬಂದುದು ಸುಳ್ಳಲ್ಲ. ಆದುದರಿಂದಲೇ ಬೇಸ್‌ಬಾಲಿನವರು 2022ರ ಡಿಸೆಂಬರಿನಿಂದ ಮೊದಲ ಕೆಲವು ಪಾಳಿಗಳಿಗೆ ಚೀಟಿ ಎತ್ತತೊಡಗಿದರು. ಆದರೆ ಪಂದ್ಯ ಸೋತ ಒಡೆಯ ರಾತ್ರಿ ಹೊಟ್ಟೆತುಂಬ ಉಣ್ಣುತ್ತಾನೆ. ಮುಂದಿನ ವರ್ಷ ಗಣಿತದ ಮಾಸ್ತರು ಬಂದಾರೆಂಬ ಆಸೆಗೆ ಈ ವರ್ಷ ಬೇಕೆಂದೇ ನಪಾಸಾದ ಒಂದು ಮಗುವನ್ನು ಆ ಮಹಾಶಯರು ನಮಗೆ ತೋರಿಸಲಿ.

ವನದುರ್ಗದ ಹುಡುಗರಿಗೂ ಒಂದು ಮಾತು. ನಿಮ್ಮ ಊಹೆಯ ಆಟವನ್ನು ನಾವು ಹಳಿಯುವುದಿಲ್ಲ. ದುಡಿದು ದಣಿದವನಿಗೆ ಒಂದು ತಂಡ ಬೇಕು, ಅದರ ಮೇಲೊಂದು ಅಭಿಮಾನ ಬೇಕು. ಮುಂದೆ ಬುಲ್ಸ್ ಮೇಲಿನ ಸಾಲಿಗೆ ಏರಿತು. ತರಬೇತಿಗೆ ಬಂದವರು ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್. ಕೊನೆಯಲ್ಲಿದ್ದವರು ಏಳಬಲ್ಲರೆಂಬುದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಹರಿಯಾಣದ ಹುಡುಗನ ತೂಕ ಬಲ್ಲ ನಿಮಗೆ, ನಿಮ್ಮ ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಮಂಜೂರಾಗಿದೆ, ಎಷ್ಟು ಖಾಲಿ ಇದೆ, ದೈಹಿಕ ಶಿಕ್ಷಕರಿದ್ದಾರೆಯೇ, ಆಟದ ಬಯಲಿನ ಉತಾರ ಯಾರ ಹೆಸರಿನಲ್ಲಿದೆ, ತಾಲೂಕಿನಲ್ಲಿ ಕಬಡ್ಡಿಯ ಮ್ಯಾಟು ಎಲ್ಲಿ ಸುತ್ತಿಟ್ಟಿದೆ ಎಂಬುದು ಗೊತ್ತಿರಬೇಡವೇ?

ಅದೇ ಬೀಡಿ ಕಾಗದದ ಹಿಂಬದಿಯಲ್ಲಿ ಈ ಪಟ್ಟಿಯನ್ನೂ ಬರೆಯಿರಿ. ಮುಂದಿನ ಗ್ರಾಮಸಭೆಗೆ ಹತ್ತು ಮಂದಿ ಕೂಡಿ ಹೋಗಿರಿ; ಅಂಗಡಿಕಾರರೂ ಅರ್ಧ ದಿನ ಗಲ್ಲಾಪೆಟ್ಟಿಗೆ ಮುಚ್ಚಿ ಜೊತೆಗೆ ಬರಲಿ. ಪಟ್ಟಿಯನ್ನು ಓದಿ, ಠರಾವು ಬರೆಸಿ, ಅದರ ನಕಲು ಪಡೆದು ಬನ್ನಿರಿ. ನಕಲನ್ನು ನಮಗೆ ಕಳಿಸಿದರೆ ಈ ಪತ್ರಿಕೆಯಲ್ಲಿ ಅಚ್ಚು ಹಾಕುವ ಹೊಣೆ ನಮ್ಮದು.