ಹೊಸ ಲೋಕಕ್ಕೆ ಹಳೆಯ ಹಟ್ಟಿ

ಮಾನವನು ಭೂಮಿಯನ್ನು ತೊರೆದು ದೂರದ ಯಾವುದೋ ಗ್ರಹದಲ್ಲಿ ನೆಲೆಯೂರುವ ಕಲ್ಪನೆ ವಿಜ್ಞಾನ ಕಥೆಗಳ ಓದುಗರಿಗೆ ಚಿರಪರಿಚಿತವಾದುದು. ಇಂಥ ಕಥೆಗಳಲ್ಲಿ ಒಂದು ದೃಶ್ಯವು ಮತ್ತೆ ಮತ್ತೆ ಬರುತ್ತದೆ. ಆಕಾಶನೌಕೆಯು ಹೊಸ ನೆಲದ ಮೇಲೆ ಇಳಿಯುತ್ತದೆ, ಬಾಗಿಲು ತೆರೆಯುತ್ತದೆ, ಮನುಷ್ಯರ ಹಿಂದೆಯೇ ಹಸು, ಕುರಿ, ಕುದುರೆ, ಕೋಳಿಗಳು ಹೊರಬರುತ್ತವೆ. ಮುಂದಿನ ಅಧ್ಯಾಯದ ವೇಳೆಗೆ ಹಸು ಹಾಲು ಕೊಡುತ್ತಿರುತ್ತದೆ, ಕೋಳಿ ಮೊಟ್ಟೆಯಿಡುತ್ತಿರುತ್ತದೆ. ಆದರೆ ವಿಚಾರವಂತನಾದ ಓದುಗನು ಇಲ್ಲಿ ತಡೆದು ನಿಂತು ಒಂದು ಪ್ರಶ್ನೆಯನ್ನು ಕೇಳಬೇಕು: ಆ ಹಸುವಿನ ಸಗಣಿ ಏನಾಯಿತು?

ಈ ಪ್ರಶ್ನೆಯು ನಗೆ ತರಿಸಬಹುದು. ಆದರೆ ನಮ್ಮ ಭೂಮಿಯ ಮೇಲೆಯೇ ಇರುವ ಒಂದು ಖಂಡವು ಇದಕ್ಕೆ ಉತ್ತರವನ್ನು ಕಂಡುಕೊಳ್ಳಲು ನೂರೆಂಬತ್ತು ವರ್ಷಗಳೇ ಹಿಡಿದವು.

1788ರಲ್ಲಿ ಬ್ರಿಟಿಷರ ಮೊದಲ ವಲಸೆಯ ಹಡಗುಗಳು ಆಸ್ಟ್ರೇಲಿಯವನ್ನು ಮುಟ್ಟಿದಾಗ ಅವುಗಳಲ್ಲಿ ಕೆಲವು ದನಗಳೂ ಇದ್ದವು. ಆ ಖಂಡಕ್ಕೆ ಗೊರಸುಳ್ಳ ಪ್ರಾಣಿಗಳೇ ಹೊಸವು. ಅಲ್ಲಿಯ ಸಗಣಿ ಹುಳುಗಳು ಕಾಂಗರೂಗಳ ಒಣ ಹಿಕ್ಕೆಗೆ ಒಗ್ಗಿಕೊಂಡಿದ್ದವು; ದನದ ಹಸಿ ಸಗಣಿಯ ರಾಶಿಯನ್ನು ಅವು ನಿರ್ವಹಿಸಲಾರದಾದವು. ನಮ್ಮ ಗೋಮಾಳಗಳಲ್ಲಿ ಬಿದ್ದ ಸಗಣಿಯನ್ನು ಹುಳುಗಳು ಕೆಲವೇ ದಿನಗಳಲ್ಲಿ ಮಣ್ಣಿನೊಳಕ್ಕೆ ಸೇರಿಸಿಬಿಡುತ್ತವೆ. ಅಲ್ಲಿಯಾದರೋ ಅದು ಒಣಗಿ ಗಟ್ಟಿಯಾಗಿ ತಿಂಗಳುಗಟ್ಟಲೆ ಹುಲ್ಲನ್ನು ಮುಚ್ಚಿಕೊಂಡು ಬಿದ್ದಿರುತ್ತಿತ್ತು. ದನಗಳು ಹೆಚ್ಚಿದಂತೆಲ್ಲ ಹುಲ್ಲುಗಾವಲು ಕೆಟ್ಟಿತು. ಸಗಣಿಯಲ್ಲಿ ಹುಟ್ಟಿದ ನೊಣಗಳು ಜನರನ್ನೂ ಜಾನುವಾರುಗಳನ್ನೂ ಕಾಡಿದವು. ಹಂಗೇರಿಯಲ್ಲಿ ಜನಿಸಿದ ಕೀಟವಿಜ್ಞಾನಿ ಜಾರ್ಜ್ ಬೋರ್ನೆಮಿಸ್ಸಾ ಈ ಕೊರತೆಯನ್ನು ಗುರುತಿಸಿದರು. ಅವರ ಸಲಹೆಯಂತೆ 1965ರಲ್ಲಿ ಅಲ್ಲಿಯ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯು ಒಂದು ಯೋಜನೆಯನ್ನು ಆರಂಭಿಸಿತು. ಆಫ್ರಿಕ ಮತ್ತು ಯೂರೋಪುಗಳಿಂದ ಹುಳುಗಳನ್ನು ತಂದು, ರೋಗ ಹರಡದಿರಲೆಂದು ಅವುಗಳ ಮೊಟ್ಟೆಗಳನ್ನು ಶುದ್ಧಗೊಳಿಸಿ, ಮರಿಗಳನ್ನು ಸಾಕಿ, 1968ರಿಂದ ಹೊಲಗಳಿಗೆ ಬಿಡಲಾಯಿತು. ಇಪ್ಪತ್ತಕ್ಕೂ ಹೆಚ್ಚು ಜಾತಿಗಳು ಅಲ್ಲಿ ನೆಲೆಗೊಂಡವು. ಹಸು ಹಡಗಿನಲ್ಲಿ ಬಂದಿತು. ಅದರ ಬಳಗವು ಬರಲು ಎರಡು ಶತಮಾನಗಳೇ ಕಳೆಯುತ್ತ ಬಂದವು.

ಬಳಗವನ್ನು ಬಿಟ್ಟು ಬಂದ ಪ್ರಾಣಿಯ ಕಥೆ ಇದಾದರೆ, ಶತ್ರುವನ್ನು ಬಿಟ್ಟು ಬಂದ ಪ್ರಾಣಿಯ ಕಥೆ ಇನ್ನೊಂದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ವಿಕ್ಟೋರಿಯ ಪ್ರಾಂತದಲ್ಲಿ ಕೆಲವು ಮೊಲಗಳನ್ನು ಬಿಟ್ಟನು. ಅವುಗಳ ಸಂತತಿಯು ಖಂಡದ ಬಹುಭಾಗವನ್ನು ಆವರಿಸಿ ಪೈರನ್ನೂ ಹುಲ್ಲನ್ನೂ ನುಂಗಿಹಾಕಿತು. ಅವುಗಳನ್ನು ತಡೆಯಲು ಪಶ್ಚಿಮ ಆಸ್ಟ್ರೇಲಿಯದಲ್ಲಿ 1901ರಿಂದ 1907ರವರೆಗೆ ಸಾವಿರಾರು ಕಿಲೋಮೀಟರುಗಳ ಬೇಲಿಯನ್ನು ಹಾಕಲಾಯಿತು. ಬೇಲಿ ಮುಗಿಯುವ ಮೊದಲೇ ಮೊಲಗಳು ಆಚೆಗೆ ದಾಟಿದ್ದವು. 1935ರಲ್ಲಿ ಕಬ್ಬಿನ ಕೀಟಗಳನ್ನು ತಿನ್ನಲೆಂದು ಹವಾಯಿಯಿಂದ ಕ್ವೀನ್ಸ್‌ಲ್ಯಾಂಡಿಗೆ ದೊಡ್ಡ ಜಾತಿಯ ನೆಲಗಪ್ಪೆಗಳನ್ನು ತಂದರು. ಕೀಟಗಳು ಹಾಗೆಯೇ ಉಳಿದವು, ಕಪ್ಪೆಗಳು ಹೆಚ್ಚಿದವು, ಆ ವಿಷದ ಕಪ್ಪೆಗಳನ್ನು ತಿಂದ ಅಲ್ಲಿಯ ಪ್ರಾಣಿಗಳು ಸತ್ತವು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು.

ಬರಿದಾದ ಗ್ರಹದಲ್ಲಿ ಎಲ್ಲವನ್ನೂ ಯೋಜನೆಯಂತೆ ಹೊಸದಾಗಿ ಕಟ್ಟಬಹುದಲ್ಲವೇ ಎಂದು ಕೆಲವರು ಕೇಳಬಹುದು. ಆ ಪರೀಕ್ಷೆಯೂ ಒಮ್ಮೆ ನಡೆದಿದೆ. ಅಮೆರಿಕದ ಅರಿಜೋನ ರಾಜ್ಯದಲ್ಲಿ ‘ಬಯೋಸ್ಫಿಯರ್ 2’ ಎಂಬ ಭಾರಿ ಗಾಜಿನ ಮನೆಯೊಳಗೆ ಎಂಟು ಮಂದಿ 1991ರಿಂದ 1993ರವರೆಗೆ ಎರಡು ವರ್ಷಗಳ ಕಾಲ ವಾಸಿಸಿದರು. ಸುಮಾರು ಮೂರು ಎಕರೆಗಳ ಆ ಪುಟ್ಟ ಲೋಕದಲ್ಲಿ ಕಾಡು, ಹೊಲ, ಸಣ್ಣ ಕಡಲು, ಆಡು, ಹಂದಿ, ಕೋಳಿ ಎಲ್ಲವೂ ಇದ್ದವು. ಆದರೆ ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಹೀರಿದವು. ಗಾಳಿಯಲ್ಲಿ ಶೇಕಡ 21ರಷ್ಟಿದ್ದ ಅದು ಸುಮಾರು 14ಕ್ಕೆ ಇಳಿದು, ಹೊರಗಿನಿಂದ ತುಂಬಬೇಕಾಯಿತು. ಪರಾಗಸ್ಪರ್ಶ ಮಾಡುವ ಕೀಟಗಳು ನಾಶವಾದವು; ಇರುವೆ, ಜಿರಲೆಗಳು ಮಾತ್ರ ಸೊಂಪಾಗಿ ಬೆಳೆದವು.

ಪ್ರಾಣಿಗಳ ಬದಲು ಶೀತಲಗೊಳಿಸಿದ ಭ್ರೂಣಗಳನ್ನು ಒಯ್ದರಾಯಿತು ಎಂಬ ವಾದವೂ ಉಂಟು. ಆದರೆ ಕರುವು ಹುಲ್ಲನ್ನು ಅರಗಿಸಿಕೊಳ್ಳುವುದು ತನ್ನ ಹೊಟ್ಟೆಯಲ್ಲಿರುವ ಅಸಂಖ್ಯ ಸೂಕ್ಷ್ಮಜೀವಿಗಳ ನೆರವಿನಿಂದ. ಆ ಜೀವಿಗಳು ಅದಕ್ಕೆ ದೊರೆಯುವುದು ತಾಯಿಯ ನೆಕ್ಕುವಿಕೆಯಿಂದ, ಮಂದೆಯ ಸಂಗದಿಂದ, ನೆಲದಿಂದ. ಭ್ರೂಣವೊಂದೇ ಹಸುವಲ್ಲ. ಹಸುವೆಂದರೆ ಒಂದು ಹಟ್ಟಿ. ಹಟ್ಟಿಯೆಂದರೆ ಹುಲ್ಲು, ಹುಳು, ಮಣ್ಣು, ಮಳೆ ಎಲ್ಲವೂ ಸೇರಿದ ಒಂದು ಬಾಳು.

ಆದುದರಿಂದ ಆಕಾಶಯಾನದ ಕನಸನ್ನು ಕೈಬಿಡಬೇಕೆಂದು ಹೇಳುತ್ತಿಲ್ಲ. ‘ಈ ಭೂಮಿ ಕೆಟ್ಟರೇನು, ಇನ್ನೊಂದನ್ನು ಹುಡುಕೋಣ’ ಎಂಬ ಮಾತನ್ನು ಮಾತ್ರ ನಾವು ಒಪ್ಪಬಾರದು. ಹಾಗೆ ಹೇಳುವವನು ತಾನು ಏನೇನನ್ನು ಹೊತ್ತೊಯ್ಯಬೇಕೆಂಬ ಪಟ್ಟಿಯನ್ನೇ ಬರೆಯಲಾರನು. ಜಾನುವಾರುಗಳಿಗೆ ಕೊಡುವ ಕೆಲವು ಜಂತುನಾಶಕ ಔಷಧಿಗಳು ಸಗಣಿಯಲ್ಲಿ ಉಳಿದು ಸಗಣಿ ಹುಳುಗಳ ಮರಿಗಳನ್ನು ಕೊಲ್ಲುತ್ತವೆ ಎಂಬುದು ಈಗ ತಿಳಿದಿದೆ. ಆಸ್ಟ್ರೇಲಿಯವು ಕಡಲಾಚೆಯಿಂದ ತರಿಸಿಕೊಂಡ ಸಂಪತ್ತನ್ನು ನಾವು ಕಾಲಬಳಿಯಲ್ಲಿಯೇ ಕಳೆದುಕೊಳ್ಳಬಾರದು. ಹೊಸ ಲೋಕವನ್ನು ಕಟ್ಟುವ ವಿದ್ಯೆಯ ಮೊದಲ ಪಾಠವು ನಕ್ಷತ್ರಗಳಲ್ಲಿಲ್ಲ. ಅದು ನಮ್ಮ ಹುಲ್ಲುಗಾವಲಿನಲ್ಲಿದೆ. ಬಾಗಿ ನೋಡುವ ತಾಳ್ಮೆಯೊಂದಿದ್ದರೆ ಯಾರು ಬೇಕಾದರೂ ಅದನ್ನು ಕಲಿಯಬಹುದು.