ಮಾತ್ರೆಯ ಹೆಸರು ಬಾಯಿಪಾಠ, ಪಿಯುಸಿ ಮಾತ್ರ ಆರ್ಟ್ಸ್

ಮಧುಗಿರಿ ಸೀಮೆಯ ಒಂದು ಮೆಡಿಕಲ್ ಸ್ಟೋರ್. ಕೌಂಟರಿನ ಹಿಂದೆ ನಿಂತ ಯುವಕನಿಗೆ ಅಲ್ಲಿ ಇದು ಏಳನೇ ವರ್ಷ. ಡಾಕ್ಟರ ಚೀಟಿಯ ಕಾಗೆಕಾಲು ಗುಬ್ಬಿಕಾಲು ಅವನ ಕಣ್ಣಿಗೆ ಅಚ್ಚು ಹಾಕಿದ ಹಾಗೆ ಕಾಣುತ್ತದೆ. ಸಕ್ಕರೆ ಕಾಯಿಲೆ ಮಾತ್ರೆ ಯಾವ ಕಪಾಟಿನಲ್ಲಿದೆ, ಚೀಟಿಯಲ್ಲಿದ್ದ ಕಂಪನಿಯದು ಮುಗಿದಿದ್ದರೆ ಅದೇ ಮದ್ದು ಬೇರೆ ಯಾವ ಹೆಸರಿನಲ್ಲಿ ಬರುತ್ತದೆ, ಊಟಕ್ಕೆ ಮೊದಲೋ ಆಮೇಲೋ, ಎಲ್ಲವೂ ನಾಲಿಗೆಯ ತುದಿಯಲ್ಲಿ. ಅವನ ತಲೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿ ತೂಗುಬಿಟ್ಟಿರುವ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಬೇರೆಯವರದು. ಆ ಹೆಸರಿನವರನ್ನು ಅಂಗಡಿಯಲ್ಲಿ ಕಂಡ ಗಿರಾಕಿಗಳು ಕಡಿಮೆ. ಈತ ಓದಿದ್ದು ಬಿ.ಎ., ಹೆಚ್‌ಇಪಿ. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ.

‘ನೀನೇ ಡಿ.ಫಾರ್ಮಾ ಮಾಡಿಬಿಡಬಾರದೇನಪ್ಪಾ?’ ಎಂದು ಕೇಳಿದೆ. ‘ಅದುಕ್ಕೆ ಪಿಯುಸಿ ಸೈನ್ಸ್ ಆಗಿರ್ಬೇಕು ಸಾರ್’ ಎಂದು ನಕ್ಕು, ಮುಂದಿನ ಚೀಟಿಗೆ ಕೈಚಾಚಿದ. ಅವನು ಹೇಳಿದ್ದು ಸರಿ. ಆ ಡಿಪ್ಲೊಮಾಗೆ ಸೇರಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೊತೆಗೆ ಜೀವಶಾಸ್ತ್ರವೋ ಗಣಿತವೋ ಇರಲೇಬೇಕು. ಹದಿನಾರನೇ ವಯಸ್ಸಿನಲ್ಲಿ ಅರ್ಜಿಯ ಒಂದು ಕಾಲಂನಲ್ಲಿ ತುಂಬಿದ ನಾಲ್ಕಕ್ಷರ, ಏಳು ವರ್ಷದ ಕೈಪಳಗಿಕೆಯನ್ನು ಲೆಕ್ಕಕ್ಕಿಲ್ಲದಂತೆ ಮಾಡಿದೆ.

ಚಿಕ್ಕ ಊರುಗಳಲ್ಲಿ ಓದಿಗೂ ಕೆಲಸಕ್ಕೂ ಸಂಬಂಧವಿಲ್ಲ ಎಂಬ ಮಾತು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಿಂದ ವಿಧಾನಸಭೆಯವರೆಗೆ ಓಡಾಡುತ್ತದೆ. ಅದು ಅರ್ಧ ಮಾತ್ರ ನಿಜ. ಓದಿದ ವಿಷಯ ಇಲ್ಲಿ ಕೆಲಸ ಕೊಡಿಸುವುದು ಅಪರೂಪ, ಒಪ್ಪೋಣ. ಆದರೆ ಕೆಲಸ ತಪ್ಪಿಸುವುದರಲ್ಲಿ ಅದು ಬಲು ಗಟ್ಟಿಗ. ಕೆಲಸ ಕೊಡಿಸದ ವಿಷಯದ ಬಗ್ಗೆ ಸಾಕಷ್ಟು ಗೋಳಾಡಿದ್ದೇವೆ. ಬಾಗಿಲು ಮುಚ್ಚುವ ವಿಷಯದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ.

ಕಂದಾಯ ನಕ್ಷೆಯಲ್ಲಿ ಮಧುಗಿರಿ ಎಂಬ ಜಿಲ್ಲೆ ಇಲ್ಲ. ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಅದು ಎಲ್ಲ ಪತ್ರಿಕೆಗಳಲ್ಲೂ ಕಾಣಿಸುತ್ತದೆ. ಚಿಕ್ಕೋಡಿ, ಶಿರಸಿಗಳ ಹಾಗೆ ಇದೂ ಒಂದು ಶೈಕ್ಷಣಿಕ ಜಿಲ್ಲೆ; ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಆದದ್ದು. ಓದಿನ ಲೆಕ್ಕಕ್ಕೆ ಬೇರೆ ಜಿಲ್ಲೆ, ಉದ್ಯೋಗದ ಲೆಕ್ಕಕ್ಕೆ ತುಮಕೂರಿನ ಬಾಲ. ರಾಜ್ಯದಲ್ಲಿ ಎಷ್ಟನೇ ಸ್ಥಾನ, ಹೋದ ವರ್ಷಕ್ಕಿಂತ ಇಳಿಯಿತೇ ಏರಿತೇ ಎಂಬ ಚರ್ಚೆ ಒಂದು ವಾರ ನಡೆಯುತ್ತದೆ. ಅಧಿಕಾರಿಗಳಿಗೆ ನೋಟಿಸು, ಶಾಲೆಗಳಿಗೆ ಸನ್ಮಾನ. ಅದೇ ಮಕ್ಕಳು ಏಳೆಂಟು ವರ್ಷವಾದ ಮೇಲೆ ಎಲ್ಲಿದ್ದಾರೆ ಎಂಬ ಪಟ್ಟಿ ಮಾತ್ರ ಯಾವ ಪುಟದಲ್ಲೂ ಬರುವುದಿಲ್ಲ.

ಈ ನಾಲ್ಕು ಊರುಗಳ ಪೇಟೆಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಓದು ಮತ್ತು ಕೆಲಸ ಒಂದಾಗುವ ಜಾಗಗಳು ಬೆರಳೆಣಿಕೆಗೆ ಸಿಗುತ್ತವೆ. ಮೆಡಿಕಲ್ ಸ್ಟೋರ್, ಗೊಬ್ಬರದ ಅಂಗಡಿ, ಲ್ಯಾಬ್, ನರ್ಸಿಂಗ್ ಹೋಮ್, ಶಾಲೆ, ಕೋರ್ಟಿನ ಮುಂದಿನ ವಕೀಲರ ಕೊಠಡಿ. ಇವೆಲ್ಲಕ್ಕೂ ಇಂಥದ್ದೇ ಓದಿರಬೇಕು ಎಂದು ಕಾನೂನು ಹೇಳುತ್ತದೆ. ಔಷಧಿಗೆ 1948ರ ಫಾರ್ಮಸಿ ಕಾಯ್ದೆಯಿದೆ. ಕೀಟನಾಶಕ, ಗೊಬ್ಬರ ಮಾರಲು ಕೃಷಿ, ರಸಾಯನಶಾಸ್ತ್ರದಂಥ ವಿಷಯದ ಪದವಿಯೋ ಡಿಪ್ಲೊಮಾವೋ ಬೇಕೆಂಬ ನಿಯಮ ಕಳೆದ ದಶಕದಲ್ಲಿ ಬಂತು. ಕಾನೂನು ಕೇಳದ ಕಡೆ ಯಾರೂ ಏನೂ ಕೇಳುವುದಿಲ್ಲ. ಸಾಲದ ಕಂಪನಿಗಳಿಗೆ ಬೇಕಾದದ್ದು ಬಿ.ಕಾಂ. ಅಲ್ಲ, ಬೈಕು ಮತ್ತು ಡಿ.ಎಲ್. ಮೈಕ್ರೊಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಾಗ ಸಾಲಗಾರರ ಸಂಕಟ ಸುದ್ದಿಯಾಯಿತು, ಆಗಬೇಕಾದದ್ದೇ. ವಾರದ ಕಂತಿಗೆ ಆ ಮನೆ ಬಾಗಿಲಲ್ಲಿ ನಿಲ್ಲುವವನೂ ಪಕ್ಕದ ಹಳ್ಳಿಯ ಪದವೀಧರನೇ, ಟಾರ್ಗೆಟ್ ಮುಟ್ಟದಿದ್ದರೆ ಅವನ ಕೆಲಸವೂ ಹೋಗುತ್ತದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ.

ಇನ್ನು ಆನ್‌ಲೈನ್ ಸೆಂಟರ್. ತಾಲ್ಲೂಕು ಕಚೇರಿ ಇದ್ದಲ್ಲೆಲ್ಲ ಸಾಲು ಸಾಲು ಇವೆ. ಎಂ.ಎ. ಮಾಡಿದವರು ಕೂತು ಇತರರ ಕೆಲಸದ ಅರ್ಜಿ ತುಂಬಿಕೊಡುತ್ತಾರೆ. ಊರಿನಲ್ಲಿ ನೇಮಕಾತಿಯಿಂದ ಖಚಿತವಾಗಿ ದುಡಿಯುವವರು ಇವರೇ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗಳಿಗೆ ಅರ್ಜಿ ಕರೆದಾಗ ಕೇಳಿದ ವಿದ್ಯಾರ್ಹತೆ ಪಿಯುಸಿ. ಅರ್ಜಿ ಹಾಕಲು ನಿಂತವರಲ್ಲಿ ಬಿ.ಇ., ಎಂ.ಕಾಂ., ಬಿ.ಇಡಿ. ಎಲ್ಲರೂ ಇದ್ದರು. ಅಂಥ ಹುದ್ದೆಯ ಮುಂದೆ ಎಲ್ಲ ಪದವಿಗಳೂ ಕರಗಿ ಒಂದೇ ಆಗುತ್ತವೆ. ಅದೇ ವರ್ಷ ಅಕ್ಟೋಬರ್ ಕೊನೆಗೆ, ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವತನಕ ಹೊಸ ನೇಮಕಾತಿ ಅಧಿಸೂಚನೆ ಇಲ್ಲವೆಂದು ಸರ್ಕಾರ ಹೇಳಿತು. ತೀರ್ಮಾನ ಬಂದದ್ದು 2025ರ ಆಗಸ್ಟ್‌ನಲ್ಲಿ. ಆ ಹತ್ತು ತಿಂಗಳು ಲೈಬ್ರರಿಯ ಬೆಂಚು ಬಿಟ್ಟೇಳದವರನ್ನು ಯಾವ ಅಂಕಿಅಂಶದ ಖಾನೆಗೆ ಹಾಕಬೇಕು? ಒಳಮೀಸಲಾತಿ ನ್ಯಾಯದ ಪ್ರಶ್ನೆ, ಅದರಲ್ಲಿ ಎರಡು ಮಾತಿಲ್ಲ. ಪಾವಗಡ, ಕೊರಟಗೆರೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು. ಕಾಯುತ್ತಿದ್ದವರಲ್ಲಿ ಹಲವರು ಅದೇ ನ್ಯಾಯಕ್ಕಾಗಿ ಕಾಯುತ್ತಿದ್ದವರೂ ಹೌದು.

ಹಾಗಾದರೆ ಹೆಚ್‌ಇಪಿ ತೆಗೆದುಕೊಂಡವರು ದಡ್ಡರೇ? ಖಂಡಿತ ಅಲ್ಲ. ‘ಹೆಚ್‌ಇಪಿ ತಗಂಡ್ರೆ ಕಾಂಪಿಟೇಟಿವ್ ಎಗ್ಸಾಮ್‌ಗೆ ಅನುಕೂಲ’ ಎಂದು ಸೀನಿಯರ್‌ಗಳು ಹೇಳುವುದರಲ್ಲಿ ಲೆಕ್ಕಾಚಾರವಿದೆ. ಕೆಪಿಎಸ್‌ಸಿ ಪಠ್ಯದ ದೊಡ್ಡ ಭಾಗ ಆ ಮೂರು ವಿಷಯಗಳೇ. ದೊಡ್ಡ ಉದ್ಯೋಗದಾತ ಸರ್ಕಾರವೊಂದೇ ಎಂಬ ಸೀಮೆಯಲ್ಲಿ ಸರ್ಕಾರದ ಪ್ರಶ್ನೆಪತ್ರಿಕೆಗೆ ಹತ್ತಿರದ ಓದನ್ನು ಹಿಡಿಯುವುದು ಜಾಣತನ. ತೊಂದರೆ ಏನೆಂದರೆ, ಆ ಒಂದು ಬಾಗಿಲ ಮುಂದೆ ನಿಲ್ಲುವಾಗ ಉಳಿದವು ಹಿಂದಿನಿಂದ ಸದ್ದಿಲ್ಲದೆ ಮುಚ್ಚಿಕೊಂಡಿರುತ್ತವೆ.

ಇದಕ್ಕೆ ಒಂದು ಪುರಾವೆ ಶಾಲೆಯಲ್ಲೇ ಇದೆ. 2022ರಲ್ಲಿ ಸರ್ಕಾರ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ತೆಗೆದುಕೊಳ್ಳಲು ಹೊರಟಿತು. ಆಯ್ಕೆಯಾದವರು ಹದಿಮೂರು ಸಾವಿರ ಚಿಲ್ಲರೆ. ಕೆಲಸವಿಲ್ಲ ಎಂದು ನಾಡಿಗೆ ನಾಡೇ ಕೂಗುತ್ತಿರುವಾಗ ಸರ್ಕಾರಿ ಹುದ್ದೆಯೇ ಖಾಲಿ ಉಳಿಯಿತು. ಗಣಿತದ ಹುದ್ದೆಯನ್ನೇ ನೋಡಿ. ಗಣಿತ ಮೇಷ್ಟ್ರಾಗಲು ಪದವಿಯಲ್ಲಿ ಗಣಿತ ಓದಿರಬೇಕು. ಅದಕ್ಕೆ ಪಿಯುಸಿಯಲ್ಲಿ ಓದಿರಬೇಕು. ಅದಕ್ಕೆ ಹೈಸ್ಕೂಲಿನಲ್ಲಿ ಗಣಿತವೆಂದರೆ ಹೆದರಿಕೆ ಹುಟ್ಟಿರಬಾರದು. ಹೆದರಿಕೆ ಹುಟ್ಟದಿರಲು ಒಬ್ಬ ಗಣಿತ ಮೇಷ್ಟ್ರು ಬೇಕು! ಮೇಷ್ಟ್ರ ಕೊರತೆ ಮೇಷ್ಟ್ರ ಕೊರತೆಯನ್ನೇ ಹೆರುತ್ತಿದೆ.

ವಿಷಯದ ಆಯ್ಕೆಯನ್ನು ‘ಆಸಕ್ತಿ’ ಎಂದು ಕರೆಯುವುದು ಬೆಂಗಳೂರಿನ ಮಾತು. ಇಲ್ಲಿ ಅದನ್ನು ನಿರ್ಧರಿಸುವುದು ಬಸ್ಸು. ಹತ್ತಿರದ ಕಾಲೇಜಿನಲ್ಲಿ ಯಾವ ವಿಭಾಗವಿದೆಯೋ ಅದೇ ಆಸಕ್ತಿ. 2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿ ಕಟ್ಟೆಯ ಬಳಿ ಖಾಸಗಿ ಬಸ್ಸೊಂದು ಮಗುಚಿಬಿತ್ತು. ವೈ.ಎನ್. ಹೊಸಕೋಟೆ ಕಡೆಯಿಂದ ಪಾವಗಡಕ್ಕೆ ಹೊರಟಿದ್ದ ಬಸ್ಸದು; ಒಳಗೂ ಜನ, ಟಾಪಿನಲ್ಲೂ ಜನ. ಸತ್ತವರಲ್ಲಿ ವಿದ್ಯಾರ್ಥಿಗಳಿದ್ದರು. ಆ ರಸ್ತೆಯ ತಾಯಿ ಮಗಳಿಗೆ ‘ದೂರದ ಕಾಲೇಜಿನಲ್ಲಿ ಸೈನ್ಸ್ ಇದೆ, ಹೋಗು’ ಎಂದಾಳೆಯೇ? 2023ರ ಜೂನ್‌ನಿಂದ ಶಕ್ತಿ ಯೋಜನೆ ಹೆಣ್ಣುಮಕ್ಕಳ ಟಿಕೆಟ್ ದುಡ್ಡು ಉಳಿಸಿದೆ. ಸರ್ಕಾರಿ ಬಸ್ಸು ಓಡುವ ಕಡೆಗಳಲ್ಲಿ. ಖಾಸಗಿ ಬಸ್ಸೇ ಗತಿಯಾದ ದಾರಿಗಳಲ್ಲಿ ಅದೂ ಇಲ್ಲ. ತುಮಕೂರು–ರಾಯದುರ್ಗ ರೈಲು ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ಹಾಯಬೇಕು. ಆ ರೈಲಿಗೆ ಕಾಯುತ್ತಲೇ ಒಂದು ತಲೆಮಾರು ಡಿಗ್ರಿ ಮುಗಿಸಿತು.

ಪಾವಗಡದ ಸೋಲಾರ್ ಪಾರ್ಕಿಗೆ ಬರೋಣ. ಬಳಸಮುದ್ರ, ತಿರುಮಣಿ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆ. 2,050 ಮೆಗಾವಾಟ್. 2018ರಲ್ಲಿ ಉದ್ಘಾಟನೆಯಾದಾಗ ಜಗತ್ತೇ ತಿರುಗಿ ನೋಡಿತು. ಜಮೀನು ಕಸಿದುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಶೇಂಗಾ ಬಿತ್ತಿ ಮಳೆಗೆ ಮುಖ ಮಾಡಿ ಕೂತಿದ್ದ ರೈತನಿಗೆ ಇದು ಕೆಟ್ಟ ವ್ಯವಹಾರವಲ್ಲ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವನಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಉಳಿದದ್ದು ಪ್ಯಾನೆಲ್ ಅಡಿಯ ಹುಲ್ಲು ಕೊಯ್ಯುವುದು, ಪ್ಯಾನೆಲ್ ಒರೆಸುವುದು. ಗಂಡಸರಿಗೆ ಸೆಕ್ಯುರಿಟಿ ಕೆಲಸ. ಕಟ್ಟುವ ಕಾಲದಲ್ಲಿ ಸಾವಿರಾರು ಕೈ ಬೇಕಾದವು. ಕಟ್ಟಿ ಮುಗಿದ ಮೇಲೆ ಬಿಸಿಲು ತಾನಾಗಿಯೇ ದುಡಿಯುತ್ತದೆ.

ಉಳಿದ ಕೆಲವೇ ತಾಂತ್ರಿಕ ಕೆಲಸಗಳಿಗೆ ಐಟಿಐ ಎಲೆಕ್ಟ್ರಿಷಿಯನ್, ಎಲೆಕ್ಟ್ರಿಕಲ್ ಡಿಪ್ಲೊಮಾ ಬೇಕು. ಐಟಿಐ ಸೇರಲು ಎಸ್ಸೆಸ್ಸೆಲ್ಸಿ ಸಾಕು, ಆರ್ಟ್ಸು ಸೈನ್ಸು ಎಂಬ ತಕರಾರಿಲ್ಲ. ರಾಜ್ಯದ 150 ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 4,636 ಕೋಟಿ ರೂಪಾಯಿಯ ಯೋಜನೆಯಲ್ಲಿ ಹೊಸ ಯಂತ್ರಗಳೂ ಬಂದವು. ಆದರೂ ಬಿ.ಎ. ಮುಗಿಸಿದವನು ಅಲ್ಲಿಗೆ ಹೆಜ್ಜೆ ಇಡುವುದಿಲ್ಲ. ‘ಡಿಗ್ರಿ ಮಾಡ್ದೋನು ತಿರ್ಗ ಐಟಿಐಗೆ ಹೋಗ್ತಾನಾ?’ ಕಾನೂನು ಮುಚ್ಚದ ಬಾಗಿಲನ್ನು ಮರ್ಯಾದೆ ಮುಚ್ಚುತ್ತದೆ. 2022-23ರ ಕಾರ್ಮಿಕ ಬಲ ಸಮೀಕ್ಷೆಯಲ್ಲಿ ದೇಶದ ಒಟ್ಟು ನಿರುದ್ಯೋಗ ಶೇ 3.2, ಪದವೀಧರರದ್ದು ಶೇ 13.4. ಓದಿದ್ದರಿಂದ ನಿರುದ್ಯೋಗ ಬಂತು ಎಂದಲ್ಲ. ಓದದವನಿಗೆ ನಿರುದ್ಯೋಗಿಯಾಗಿರುವಷ್ಟು ಅನುಕೂಲವಿಲ್ಲ, ಬೆಳಿಗ್ಗೆಯಾದರೆ ಕೂಲಿಗೆ ಹೋಗಲೇಬೇಕು. ಪದವೀಧರನಿಗೆ ಕಾಯಲು ಒಂದು ಕಾರಣವಿದೆ. ತಿಂಗಳಿಗೆ 3,000 ರೂಪಾಯಿಯ ಯುವನಿಧಿ ಆ ಕಾಯುವಿಕೆಗೆ ಎರಡು ವರ್ಷದ ಟೀ ಖರ್ಚು ಕೊಡುತ್ತದೆ. ಅದನ್ನು ಹೀಗಳೆಯುತ್ತಿಲ್ಲ, ಓದಿದ ಮಗ ಟೀ ಕಾಸಿಗೆ ಅಪ್ಪನ ಮುಂದೆ ಕೈಯೊಡ್ಡುವ ಕಷ್ಟ ಕಂಡವರಿಗೆ ಗೊತ್ತು.

ಗಡಿಯ ಗೋಜಲು ಬೇರೆ. ಪಾವಗಡಕ್ಕೆ ತುಮಕೂರಿಗಿಂತ ಆಂಧ್ರದ ಪೆನುಕೊಂಡ ಹತ್ತಿರ. ಅಲ್ಲಿ 2019ರಿಂದ ಕಿಯಾ ಕಾರು ತಯಾರಾಗುತ್ತಿದೆ. ಅದೇ ವರ್ಷ ಆಂಧ್ರ ಸರ್ಕಾರ ಕಾರ್ಖಾನೆಗಳ ಶೇ 75 ಕೆಲಸ ಸ್ಥಳೀಯರಿಗೇ ಎಂದು ಕಾಯ್ದೆ ಮಾಡಿತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದ ಪಾವಗಡದ ಹುಡುಗ ಆ ಕಾಯ್ದೆಗೆ ಹೊರಗಿನವನು. ನಮ್ಮ ಸರ್ಕಾರವೂ 2024ರ ಜುಲೈನಲ್ಲಿ ಅಂಥದ್ದೇ ಮಸೂದೆಗೆ ಸಂಪುಟದ ಒಪ್ಪಿಗೆ ಪಡೆದು ಎರಡೇ ದಿನದಲ್ಲಿ ತಡೆಹಿಡಿಯಿತು. ಆ ಗದ್ದಲದಲ್ಲಿ ಎಲ್ಲರೂ ಬೆಂಗಳೂರಿನ ಐಟಿ ಕಂಪನಿಗಳ ಬಗ್ಗೆಯೇ ಮಾತಾಡಿದರು. ಗಡಿ ತಾಲ್ಲೂಕಿಗೆ ‘ಸ್ಥಳೀಯ’ ಎಂದರೆ ಎಷ್ಟು ಕಿಲೊಮೀಟರ್ ಎಂದು ಕೇಳಿದವರಿಲ್ಲ. ಶಿರಾ, ಕೊರಟಗೆರೆಯವರಿಗಾದರೂ ಹೆದ್ದಾರಿ ಬದಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶ ಕೈಗೆಟುಕುತ್ತದೆ. ಅಲ್ಲಿನ ಗುತ್ತಿಗೆ ಕೆಲಸಕ್ಕೆ ಏಜೆನ್ಸಿಯವರು ಮೊದಲು ಕೇಳುವುದು ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡಲ್ಲ.

‘ಡಿಮ್ಯಾಂಡ್ ಇರುವ ಕೋರ್ಸ್ ಆರಿಸಿಕೊಳ್ಳಿ’ ಎಂಬ ಉಪದೇಶವನ್ನು ಮೊದಲು ನಿಲ್ಲಿಸಬೇಕು. ಡಿಮ್ಯಾಂಡ್ ಹಿಂದೆ ಈ ಸೀಮೆ ಒಮ್ಮೆ ಓಡಿದೆ. ಡಿ.ಇಡಿ. ಮಾಡಿಸಿದರೆ ಮೇಷ್ಟ್ರ ಕೆಲಸ ಗ್ಯಾರಂಟಿ ಎಂದು ಹೊಲ ಅಡವಿಟ್ಟ ಮನೆಗಳಿದ್ದವು. ನೇಮಕಾತಿ ಬತ್ತಿತು, ಟಿಇಟಿ ಬಂತು, ಕಾಲೇಜುಗಳೇ ಬಾಗಿಲು ಹಾಕಿಕೊಂಡವು. ಡಿಮ್ಯಾಂಡ್ ಬದಲಾಗುತ್ತದೆ, ಹದಿನಾರಕ್ಕೆ ಮಾಡಿದ ಆಯ್ಕೆ ಬದಲಾಗುವುದಿಲ್ಲ. ಹಾಗಾಗಿ ಬೇಕಿರುವುದು ಪಕ್ಕದ ಬಾಗಿಲು.

ಪಕ್ಕದ ಬಾಗಿಲು ಸಾಧ್ಯವೇ ಎಂದು ಕೇಳುವವರು ಗೊಬ್ಬರದ ಅಂಗಡಿಗೆ ಹೋಗಿ ನೋಡಲಿ. ಪದವಿ ಇಲ್ಲದೆ ದಶಕಗಳಿಂದ ವ್ಯಾಪಾರ ಮಾಡುತ್ತಿರುವವರಿಗಾಗಿ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಎಂಬ ಡಿಪ್ಲೊಮಾ ಶುರುಮಾಡಿತು. 48 ವಾರ, ವಾರಕ್ಕೆ ಒಂದೇ ದಿನ ತರಗತಿ, ಅದೂ ಅಂಗಡಿಗೆ ರಜೆ ಇರುವ ದಿನ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ದಾಳಿಂಬೆಗೆ ಯಾವ ಔಷಧಿ ಎಂದು ರೈತ ಕೇಳಿದರೆ ಉತ್ತರ ಹೇಳುವವನಿಗೆ ಅದರ ಹಿಂದಿನ ಶಾಸ್ತ್ರವೂ ತಿಳಿಯಲಿ ಎಂಬುದು ಅದರ ಉದ್ದೇಶ. ನರ್ಸಿಂಗ್‌ನಲ್ಲೂ ಹೀಗೆ ಒಂದು ಕಿಂಡಿಯಿದೆ: ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನವೇ ಆಗಬೇಕು, ಜಿಎನ್‌ಎಂ ಡಿಪ್ಲೊಮಾಗೆ ಯಾವ ಪಿಯುಸಿ ಆದರೂ ನಡೆಯುತ್ತದೆ. ಕೀಟದ ಔಷಧಿಗೆ ಒಪ್ಪಿದ್ದನ್ನು ಮನುಷ್ಯರ ಔಷಧಿಗೂ ಹಾಗೇ ಒಪ್ಪಿಬಿಡಿ ಎನ್ನುತ್ತಿಲ್ಲ, ಅಪಾಯ ಬೇರೆ ಬೇರೆ. ಆದರೆ ಆರ್ಟ್ಸ್, ಕಾಮರ್ಸ್ ಓದಿದವರು ಒಂದು ವರ್ಷ ಭೌತ, ರಸಾಯನ, ಜೀವಶಾಸ್ತ್ರ ಓದಿ ಪರೀಕ್ಷೆ ಬರೆಯುವ ಸಂಜೆ ತರಗತಿಯನ್ನು ತಾಲ್ಲೂಕು ಕಾಲೇಜಿನಲ್ಲಿ ನಡೆಸಲು ಏನು ಅಡ್ಡಿ? ಸಂಜೆ ಕೊಠಡಿಗಳು ಖಾಲಿ. ಅತಿಥಿ ಉಪನ್ಯಾಸಕರು ಇದ್ದಾರೆ, ಕೆಲಸದ ಅವಧಿ ಸಾಲದೆಂದು ಅವರದ್ದೇ ದೂರಿದೆ. ಸೋಲಾರ್ ಪಾರ್ಕಿನ ಹುಲ್ಲು ಕೊಯ್ಯುವವರ ಮಕ್ಕಳಿಗೆ ವೈರಿಂಗ್ ಕಲಿಸುವ ತರಗತಿ ತಿರುಮಣಿಯಲ್ಲೇ ನಡೆಯಲಿ, ತುಮಕೂರಿನಲ್ಲಲ್ಲ.

ಕಳೆದ ಸಲ ಒಂದು ಸರ್ಕಾರಿ ಪಿಯು ಕಾಲೇಜಿನ ದಾಖಲಾತಿ ದಿನ ಅಲ್ಲೇ ಇದ್ದೆ. ಟವೆಲ್ ಹೆಗಲಿಗೆ ಹಾಕಿದ ತಂದೆ, ಹಿಂದೆ ಮಾರ್ಕ್ಸ್ ಕಾರ್ಡ್ ಹಿಡಿದ ಮಗ. ‘ಯಾವುದಕ್ಕೆ ಬರ್ಕಳ್ಳಲಿ?’ ಎಂದರು ಗುಮಾಸ್ತರು. ತಂದೆ ಮಗನನ್ನು ನೋಡಿದರು, ಮಗ ಗೆಳೆಯರು ನಿಂತಿದ್ದ ಸಾಲನ್ನು ನೋಡಿದ. ‘ಯಾವುದಕ್ಕೆ ಸೀಟೈತೆ ಅದಕ್ಕೇ ಬರ್ಕಳಿ ಸ್ವಾಮಿ, ನಾಲ್ಕೂವರೆ ಬಸ್ಸು ಹೊಂಟೋಗ್ತದೆ.’ ಬರೆದುಕೊಂಡರು. ಎರಡು ನಿಮಿಷವೂ ಹಿಡಿಯಲಿಲ್ಲ.